ಮೀಟಿಂಗ್ ಶುರುವಾದ ತಕ್ಷಣ ಹೆಡ್‌ಫೋನ್ ದನಿ ಯಾಕೆ ಕೆಡುತ್ತದೆ?

ಪ್ರಶ್ನೆ: ಸರ್, ಬ್ಲೂಟೂತ್ ಹೆಡ್‌ಫೋನ್ ತಗೊಂಡು ಹದಿನೈದು ದಿನ ಆಯ್ತು. ಫೋನಿನಲ್ಲಿ ಚೆನ್ನಾಗಿದೆ. ಲ್ಯಾಪ್‌ಟಾಪಿನಲ್ಲಿ ಹಾಡು ಕೇಳಿದರೂ ಚೆನ್ನಾಗಿದೆ. ಆದರೆ ಆಫೀಸ್ ಮೀಟಿಂಗ್ ಶುರುವಾಯ್ತು ಅಂದರೆ ಎಲ್ಲರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ. ಮೀಟಿಂಗ್ ಮುಗಿದರೆ ಮತ್ತೆ ಸರಿ. ಅಂಗಡಿಯವರು ಪೀಸ್ ಬದಲಾಯಿಸಿ ಕೊಟ್ಟರು, ಅದೂ ಹಾಗೇ. ನನ್ನದು ವಿಂಡೋಸ್ 10. ಲ್ಯಾಪ್‌ಟಾಪೇ ಕೆಟ್ಟಿದೆಯಾ?

ಉತ್ತರ: ಎರಡೂ ಕೆಟ್ಟಿಲ್ಲ ಮೇಡಂ. ವಾರಕ್ಕೆ ಇಬ್ಬರಾದರೂ ಇದೇ ದೂರು ಹೇಳಿಕೊಂಡು ನನ್ನ ಬಳಿ ಬರುತ್ತಾರೆ.

ಮೊದಲು ಒಂದು ಪರೀಕ್ಷೆ ಮಾಡಿ. ಹೆಡ್‌ಫೋನ್ ಹಾಕಿಕೊಂಡು ತಬಲಾ ಇರುವ ಯಾವುದಾದರೂ ಹಾಡು ಹಚ್ಚಿ. ಅದು ಓಡುತ್ತಿರುವಾಗಲೇ ವಾಯ್ಸ್ ರೆಕಾರ್ಡರ್ ತೆರೆದು, ಹೆಡ್‌ಫೋನಿನ ಮೈಕಿನಿಂದಲೇ ರೆಕಾರ್ಡ್ ಮಾಡಿ. ಒಂದು ಕ್ಷಣ ಹಾಡು ನಿಂತಂತಾಗಿ, ಆಮೇಲೆ ತಬಲಾ ಹೋಗಿ ಡಬರಿ ಬಡಿದಂತೆ ಕೇಳಿಸುತ್ತದೆ. ಕಿತಾಪತಿ ಎಲ್ಲಾ ಆ ಮೈಕಿನದು.

ಬ್ಲೂಟೂತಿನಲ್ಲಿ ದನಿ ಓಡಾಡಲು ಎರಡು ದಾರಿ ಇವೆ. ಹಾಡಿಗೆ ಎ2ಡಿಪಿ ಅನ್ನುವುದು. ಅದು ಒನ್‌ವೇ ರಸ್ತೆ, ದನಿ ಕಂಪ್ಯೂಟರಿನಿಂದ ಕಿವಿಗೆ ಮಾತ್ರ ಬರುತ್ತದೆ. ಹಾಗಾಗಿ ಸ್ಟೀರಿಯೋ, ಅಂದರೆ ಎರಡು ಕಿವಿಗೆ ಬೇರೆ ಬೇರೆ ದನಿ, ಒಳ್ಳೆಯ ಗುಣಮಟ್ಟ. ಇನ್ನೊಂದು ಹ್ಯಾಂಡ್ಸ್‌ಫ್ರೀ, ಫೋನ್ ಕರೆಗೆಂದೇ ಮಾಡಿದ್ದು. ಅದರಲ್ಲಿ ದನಿ ಹೋಗಲೂಬೇಕು, ಬರಲೂಬೇಕು. ಜಾಗ ಸಾಲದೆ ಸ್ಟೀರಿಯೋ ಹೋಗಿ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ದನಿ ಆಗುತ್ತದೆ. ಹಾಡಿನ ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ದನಿಯ ಅಳತೆ ಇರುತ್ತದೆ. ಹ್ಯಾಂಡ್ಸ್‌ಫ್ರೀಯಲ್ಲಿ ಸಾಮಾನ್ಯವಾಗಿ 8,000, ಇಲ್ಲವೇ 16,000. ಆ 8,000 ಅಂದರೆ ನಮ್ಮ ಹಳೇ ಲ್ಯಾಂಡ್‌ಲೈನ್ ಮಟ್ಟ. ಮೈಕ್ ಆನ್ ಆದ ಕೂಡಲೇ ಕಂಪ್ಯೂಟರ್ ನಿಮ್ಮನ್ನು ಕೇಳದೆ ಈ ದಾರಿಗೆ ಹೊರಳುತ್ತದೆ. ದುಡ್ಡು ಜಾಸ್ತಿ ಕೊಟ್ಟ ಹೆಡ್‌ಫೋನಿಗೂ ಇದೇ ಗತಿ.

ಪರಿಹಾರ ಹೆಡ್‌ಫೋನಿನ ಮೈಕ್ ಬಳಸದೇ ಇರುವುದು. ಮೀಟಿಂಗ್ ಆ್ಯಪಿನ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ. ವಿಂಡೋಸ್ 10ರಲ್ಲಿ ಸ್ಪೀಕರ್ ಪಟ್ಟಿಯಲ್ಲಿ ನಿಮ್ಮ ಹೆಡ್‌ಫೋನ್ ಹೆಸರು ಎರಡು ಸಲ ಇರುತ್ತದೆ. ಸ್ಟೀರಿಯೋ ಎಂದಿರುವುದನ್ನು ಆರಿಸಿ, ಹ್ಯಾಂಡ್ಸ್‌ಫ್ರೀ ಎಂದಿರುವುದನ್ನು ಮುಟ್ಟಬೇಡಿ. ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕ್ ಇಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಮೈಕ್ ಇಟ್ಟರೆ ಅತ್ತೆಯ ಮಿಕ್ಸಿ ಸದ್ದು, ಕುಕ್ಕರ್ ಸೀಟಿ ಎಲ್ಲಾ ಮ್ಯಾನೇಜರ್‌ಗೆ ಕೇಳಿಸುತ್ತಲ್ವಾ ಸರ್?

ಉತ್ತರ: ಕೇಳಿಸುತ್ತದೆ. ಮನೆಯಲ್ಲಿ ಫೋನಿನ ಜೊತೆ ಬಂದ ಹಳೇ ವೈರ್ ಇಯರ್‌ಫೋನ್ ಬಿದ್ದಿರುತ್ತದಲ್ಲ, ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಅದರ ಮೈಕನ್ನು ಮಾತ್ರ ಆರಿಸಿ. ಕಿವಿಗೆ ಬ್ಲೂಟೂತ್, ಬಾಯಿಗೆ ವೈರ್. ನೋಡೋಕೆ ತಮಾಷೆ, ಕೆಲಸ ಆಗುತ್ತದೆ. ಎಲ್‌ಇ ಆಡಿಯೋ ಅನ್ನುವ ಹೊಸ ಪದ್ಧತಿ ಬಂದಿದೆ, ಅದರಲ್ಲಿ ಈ ತಾಪತ್ರಯ ಕಡಿಮೆ. ಆದರೆ ಅದಕ್ಕೆ ಹೆಡ್‌ಫೋನೂ ಹೊಸದಿರಬೇಕು, ಲ್ಯಾಪ್‌ಟಾಪೂ ಹೊಸದಿರಬೇಕು, ವಿಂಡೋಸ್ 11 ಬೇಕು. ಇದಕ್ಕೋಸ್ಕರ ಎಲ್ಲಾ ಬದಲಾಯಿಸಲು ಹೋಗಬೇಡಿ.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನನ್ನದು ಡೆಸ್ಕ್‌ಟಾಪ್. ಸಿಪಿಯು ಹಿಂದೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಡಾಂಗಲ್ ಹಾಕಿದ್ದೀನಿ. ಹಾರ್ಡ್‌ಡಿಸ್ಕಿಗೆ ಮದುವೆ ವಿಡಿಯೋ ಕಾಪಿ ಹಾಕಿದಾಗಲೆಲ್ಲ ಸ್ಪೀಕರಿನ ಹಾಡು ತುಂಡು ತುಂಡಾಗುತ್ತದೆ. ಡಾಂಗಲಿನ ಡ್ರೈವರ್ ಸಾಫ್ಟ್‌ವೇರ್ ಮೂರು ಸಲ ಹಾಕಿದೆ.

ಉತ್ತರ: ಡ್ರೈವರ್ ಪಾಪ ಏನು ಮಾಡುತ್ತೆ ತಮ್ಮಾ. ಹಾರ್ಡ್‌ಡಿಸ್ಕ್ ನೀಲಿ ಯುಎಸ್‌ಬಿ ಪೋರ್ಟಿನಲ್ಲಿದೆ, ಡಾಂಗಲ್ ಅದರ ಪಕ್ಕದಲ್ಲೇ ಇದೆ, ಹೌದಾ? ಆ ನೀಲಿ ಪೋರ್ಟ್ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದು ಕೆಲಸ ಮಾಡುವಾಗ ಅದರ ಕೇಬಲ್, ಪೋರ್ಟುಗಳಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಸೋರುತ್ತದೆ. ಬ್ಲೂಟೂತ್ ಓಡಾಡುವುದೂ ಅಲ್ಲೇ. ಇಂಟೆಲ್ ಕಂಪನಿಯವರೇ 2012ರಲ್ಲಿ ಅಳೆದು ತೋರಿಸಿದ ವಿಷಯ ಇದು. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಟೇಬಲ್ ಮೇಲೆ ತಂದಿಡು. ಸಿಪಿಯುವಿನ ತಗಡಿನ ಬೆನ್ನಿಗೆ ಅಂಟಿಕೊಂಡಿದ್ದರೆ ಸಿಗ್ನಲ್ ಹೇಗೂ ಅರ್ಧ ಸಾಯುತ್ತದೆ. ವೈಫೈ ಕೂಡ 2.4ರಲ್ಲೇ ಇದ್ದರೆ ಅದನ್ನು 5 ಗಿಗಾಹರ್ಟ್ಸ್‌ಗೆ ಹಾಕು.

ಮತ್ತೊಬ್ಬರು: ನಮ್ಮ ಸ್ಪೀಕರ್ ಪೇರ್ಡ್ ಅಂತ ತೋರಿಸುತ್ತದೆ, ಕನೆಕ್ಟ್ ಮಾತ್ರ ಆಗಲ್ಲ ಸರ್.

ಉತ್ತರ: ಮನೆಯಲ್ಲಿ ಬೇರೆ ಯಾರ ಫೋನೋ, ಟಿವಿಯೋ ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಅವುಗಳ ಬ್ಲೂಟೂತ್ ಆಫ್ ಮಾಡಿ ನೋಡಿ. ಆಗದಿದ್ದರೆ ಕಂಪ್ಯೂಟರಿನಲ್ಲಿ ಆ ಹೆಸರನ್ನು ರಿಮೂವ್ ಮಾಡಿ, ಸ್ಪೀಕರಿನ ಬ್ಲೂಟೂತ್ ಬಟನ್ ಲೈಟ್ ಮಿನುಗುವ ತನಕ ಒತ್ತಿಹಿಡಿದು ಹೊಸದಾಗಿ ಪೇರ್ ಮಾಡಿ.

ಮೊದಲು ಕೇಳಿದವರು: ಸರ್, ಪರೀಕ್ಷೆ ಮಾಡಿದೆ, ನೀವು ಹೇಳಿದ ಹಾಗೇ ಡಬರಿ! ವೈರ್ ಇಯರ್‌ಫೋನ್ ಚುಚ್ಚಿದೆ, ಇವತ್ತಿನ ಮೀಟಿಂಗ್ ಚೆನ್ನಾಗಿ ಕೇಳಿಸಿತು. ಒಂದೇ ಬೇಜಾರು. ಸುಮ್ನೆ ಬದಲಾಯಿಸಿದೆ, ಮೊದಲನೇ ಪೀಸಿನ ಬಣ್ಣ ಇದಕ್ಕಿಂತ ಚೆನ್ನಾಗಿತ್ತು.

ಉತ್ತರ: ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಏನೂ ಇಲ್ಲ ಮೇಡಂ. ಅಂಗಡಿಯವರನ್ನೇ ಕೇಳಿ.