ಕರೆಂಟ್ ‘ಸೋರ್ಸ್’, ‘ಸಿಂಕ್’: ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಎಲ್ಲರಿಗೂ ನಮಸ್ಕಾರ.

ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪು) ಕಲಿಯಲು ಹೊರಟವರಿಗೆ ‘ಎಲ್‌ಇಡಿ ಉರಿಯದಿದ್ದರೆ ಏನೇನು ನೋಡಬೇಕು’ ಅನ್ನುವ ಒಂದು ಪುಟದ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮುಕ್ಕಾಲು ಪಾಲು ಸಲೀಸಾಗಿ ಬಂತು: ಉದ್ದನೆಯ ಕಾಲು ಪ್ಲಸ್ ಕಡೆಗಿದೆಯೇ, ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಹಾಕಿದ್ದೀರಾ, ಪ್ರೋಗ್ರಾಮಿನಲ್ಲಿ ಬರೆದ ಪಿನ್ (ಚಿಪ್ಪಿನ ಕಾಲು) ಸಂಖ್ಯೆಯೂ ವೈರು ಸಿಕ್ಕಿಸಿದ ಪಿನ್ನೂ ಒಂದೆಯೇ, ಇತ್ಯಾದಿ.

ತೊಡಕಿರುವುದು ಒಂದೇ ಕಡೆ. ಪಿನ್ನಿನಿಂದ ಕರೆಂಟ್ ಹೊರಟು ಎಲ್‌ಇಡಿ ಹಾದು ಗ್ರೌಂಡಿಗೆ (ಮೈನಸ್ ಕಡೆಗೆ) ಹೋದರೆ ಪಿನ್ ‘ಸೋರ್ಸ್’ ಮಾಡುತ್ತಿದೆ ಅನ್ನುತ್ತಾರೆ. ಪ್ಲಸ್‌ನಿಂದ ಹೊರಟು ಎಲ್‌ಇಡಿ ಹಾದು ಪಿನ್ನಿನೊಳಕ್ಕೆ ಇಳಿದರೆ ‘ಸಿಂಕ್’ ಮಾಡುತ್ತಿದೆ ಅನ್ನುತ್ತಾರೆ. ಯಂತ್ರಾನುವಾದ ‘ಪಿನ್ ಮುಳುಗುತ್ತದೆ’ ಎಂದು ಕೊಟ್ಟು ಕೈತೊಳೆದುಕೊಂಡಿತು. ಈ ಭಾಗವನ್ನು ಬಿಟ್ಟುಬಿಡುವಂತಿಲ್ಲ. ಹಳೆಯ 8051 ಜಾತಿಯ ಚಿಪ್ಪುಗಳಲ್ಲಿ ಪಿನ್ ಹೊರಕ್ಕೆ ಕೊಡುವುದು ಮೈಕ್ರೋಆಂಪ್ ಲೆಕ್ಕದಲ್ಲಿ, ಒಳಕ್ಕೆ ತೆಗೆದುಕೊಳ್ಳುವುದು ಮಿಲಿಆಂಪ್ ಲೆಕ್ಕದಲ್ಲಿ. ದಿಕ್ಕು ತಪ್ಪಿ ಜೋಡಿಸಿದರೆ ಎಲ್‌ಇಡಿ ಮಂಕು. ಜೋಡಿಯಾಗಿ ಕೂರುವ ಎರಡು ಪದ ಬೇಕು.

— — —

> ಜೋಡಿಯಾಗಿ ಕೂರುವ ಎರಡು ಪದ ಬೇಕು

ಪ್ರವಾಹದಾಯಿ, ಪ್ರವಾಹಶೋಷಕ. ಚರ್ಚೆಗೆ ಏನಿದೆ ಇದರಲ್ಲಿ?

— — —

ಶೋಷಕ ಅಂತ ಅಚ್ಚು ಹಾಕಿಸಿ ಮೇಷ್ಟ್ರೇ, ಓದಿದ ಹುಡುಗರು ಪಿನ್ನಿನ ವಿರುದ್ಧ ಧರಣಿ ಕೂರುತ್ತಾರೆ.

— — —

ಧಾತು ತಿಳಿಯದವರ ನಗೆಗೆ ಉತ್ತರವಿಲ್ಲ. ಶುಷ್ ಎಂದರೆ ಒಣಗು. ಶೋಷಕ ಎಂದರೆ ಒಣಗಿಸುವುದು, ಹೀರುವುದು. ದಬ್ಬಾಳಿಕೆಯ ಅರ್ಥ ಆಮೇಲೆ ಅಂಟಿಕೊಂಡದ್ದು, ಅದಕ್ಕೆ ಪದ ಹೊಣೆಯಲ್ಲ.

— — —

ಸಂಸ್ಕೃತಕ್ಕೆ ಓಡುವ ಮುಂಚೆ ಮನೆಯೊಳಗೆ ಒಮ್ಮೆ ಹುಡುಕಬಾರದೆ? ಕೊಡು, ಕೊಳ್ಳು. ಹಳಗನ್ನಡದಲ್ಲಿ ಕುಡು, ಕೊಳ್. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿದೆ? ‘ಕೊಡುಪಿನ್’, ‘ಕೊಳುಪಿನ್’ ಅನ್ನಿ, ಮುಗಿಯಿತು. ಕೊಳ್ ಆತ್ಮಾರ್ಥಕವೂ ಹೌದು: ಬರೆದುಕೊಳ್, ಹಚ್ಚಿಕೊಳ್. ಕ್ರಿಯೆಯ ಫಲ ಕರ್ತೃವಿನ ಕಡೆಗೇ ತಿರುಗುತ್ತದೆ. ಎರಡನೇ ಜೋಡಣೆಯಲ್ಲಿ ಪಿನ್ನಿಗೆ ಆಗುತ್ತಿರುವುದೂ ಅದೇ ತಾನೆ?

— — —

> ಮನೆಯೊಳಗೆ ಒಮ್ಮೆ ಹುಡುಕಬಾರದೆ?

‘ಕೊಡುಪಿನ್’ ಅನ್ನುವುದರಲ್ಲಿ ಪಿನ್ ಯಾರ ಮನೆಯದು?

— — —

ಎರವಲು ಹೆಸರುಪದಕ್ಕೆ ನಾನು ಎಂದೂ ಅಡ್ಡ ಬಂದವನಲ್ಲ. ಪಿನ್ನಿಗೆ, ಪಿನ್ನಿನಿಂದ, ಪಿನ್ನಿನೊಳಗೆ: ವಿಭಕ್ತಿ ಹಚ್ಚಿದ ಮೇಲೆ ಅದು ನಮ್ಮದೇ. ಕ್ರಿಯೆಯ ವಿಷಯ ಹಾಗಲ್ಲ. ‘ಸಿಂಕ್ ಮಾಡು’, ‘ಸೋರ್ಸ್ ಮಾಡು’ ಎಂದು ‘ಮಾಡು’ವಿನ ಊರುಗೋಲು ಕೊಟ್ಟೇ ನಿಲ್ಲಿಸಬೇಕು. ಹೆಸರು ಎಲ್ಲಿಂದಲಾದರೂ ಬರಲಿ, ಕ್ರಿಯೆ ನಮ್ಮದಿರಲಿ.

— — —

ಸಂಸ್ಕೃತದ ಕ್ರಿಯೆಗೆ ಊರುಗೋಲು ಬೇಕಿಲ್ಲ. ರಕ್ಷಿಸು, ಪ್ರವಹಿಸು, ಶೋಷಿಸು. ಆ ‘ಇಸು’ ಕನ್ನಡದ್ದೇ. ನಿಮ್ಮ ನಿಯಮದ ಪ್ರಕಾರವೇ ನನ್ನದು ಪಾಸು.

— — —

ಅಣೆಕಟ್ಟೆಯ ಸುದ್ದಿಯಲ್ಲಿ ದಿನವೂ ಓದುತ್ತೇವಲ್ಲ, ಒಳಹರಿವು, ಹೊರಹರಿವು. ಅದನ್ನೇ ಎತ್ತಿಕೊಳ್ಳಬಾರದೇ?

— — —

ಬೆಸುಗೆ ಹಾಕುವುದೇ ಕಸುಬಾದವನ ಮಾತನ್ನೂ ಕೇಳಿ.

ಒಳಹರಿವು ಕಿವಿಗೆ ಚೆನ್ನಾಗಿದೆ. ಆದರೆ ಯಾರ ಒಳಕ್ಕೆ? ಎಲ್‌ಇಡಿಗೂ ಒಳಗಿದೆ, ಪಿನ್ನಿಗೂ ಇದೆ. ಮೊದಲ ಸಲ ಓದುವವನಿಗೆ ಅದು ತಲೆಕೆಳಗಾಗಿ ಅರ್ಥವಾಗಬಹುದು.

ಹೀರು, ಎಳೆ ಇವು ಇನ್ನೂ ಕಷ್ಟ. ‘ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತೆ’ ಅನ್ನುವ ಮಾತು ಎಲ್ಲರ ಬಾಯಲ್ಲಿ ಆಗಲೇ ಇದೆ. 5 ವೋಲ್ಟ್ ಬೋರ್ಡಿನಲ್ಲಿ ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ, ಉಳಿದ 3 ವೋಲ್ಟ್ 330 ಓಮಿನ ರೆಸಿಸ್ಟರ್ ಮೇಲೆ. ಕರೆಂಟ್ 9 ಮಿಲಿಆಂಪ್. ಪಿನ್ನಿನ ಈ ಕಡೆ ಜೋಡಿಸಿ, ಆ ಕಡೆ ಜೋಡಿಸಿ, ಎಲ್‌ಇಡಿ ‘ಎಳೆಯುವುದು’ ಅಷ್ಟೇ. ಇನ್ನು ಪಿನ್ ಕರೆಂಟ್ ‘ಕೊಳ್ಳುತ್ತದೆ’ ಎಂದರೆ ಈಗಿನವರು ಕೇಳುವುದು: ಎಷ್ಟಕ್ಕೆ?

ಹಾಗಂತ ಇಂಗ್ಲಿಷ್ ಪದವನ್ನೇ ಇಟ್ಟರೂ ಸುಖವಿಲ್ಲ. ‘ಫೋನ್ ಸಿಂಕ್ ಮಾಡು’ ಅನ್ನುವ ಸಿಂಕೇ ಬೇರೆ, ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ. ಪ್ರೋಗ್ರಾಂ ಕಲಿಯುವವನಿಗೆ ‘ಸೋರ್ಸ್’ ಎಂದರೆ ಕೋಡು. ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿಗೆ ಬಂದರೆ ಅದರ ಒಂದು ಕಾಲಿನ ಹೆಸರೇ ಸೋರ್ಸ್.

ನನ್ನ ಸಲಹೆ, ಹೆಸರುಪದದ ಗೊಡವೆಯೇ ಬೇಡ. ‘ಪಿನ್ ಹೈ ಆದಾಗ ಉರಿಯುವ ಜೋಡಣೆ’, ‘ಪಿನ್ ಲೋ ಆದಾಗ ಉರಿಯುವ ಜೋಡಣೆ’. ಹೈ ಎಂದರೆ ಪಿನ್ ಪ್ಲಸ್ ವೋಲ್ಟೇಜಿನಲ್ಲಿ, ಲೋ ಎಂದರೆ ಸೊನ್ನೆಯಲ್ಲಿ. ಕಲಿಯುವವನು ಪ್ರೋಗ್ರಾಮಿನಲ್ಲಿ ಬರೆಯುವುದೂ ಅದನ್ನೇ.

ಮೇಡಂ, ಪದದ ಆಚೆ ಒಂದು ಮಾತು. ಮಂಕಿಗೆ ದಿಕ್ಕೊಂದನ್ನೇ ದೂರಬೇಡಿ. ಎಟಿಮೆಗಾ328 ಚಿಪ್ಪಿನ ಆರ್ಡುಯಿನೋ ಬೋರ್ಡಿನಲ್ಲಿ ಪಿನ್ನನ್ನು ಔಟ್‌ಪುಟ್ ಎಂದು ಹೇಳಲು ಮರೆತು ಹೈ ಬರೆದರೆ, ಚಿಪ್ಪಿನೊಳಗೆ ಪಿನ್ನನ್ನು ಪ್ಲಸ್‌ಗೆ ಜೋಡಿಸುವ ಪುಲ್‌ಅಪ್ ರೆಸಿಸ್ಟರ್ ಕೆಲಸಕ್ಕೆ ಬರುತ್ತದೆ. ಅದು 20ರಿಂದ 50 ಕಿಲೋಓಮ್. ಎಲ್‌ಇಡಿಗೆ ಸಿಗುವುದು 0.1 ಮಿಲಿಆಂಪ್ ಆಸುಪಾಸು. ಪೂರ್ತಿ ಆರಿರುವುದಿಲ್ಲ, ಕೈ ಅಡ್ಡ ಹಿಡಿದು ನೋಡಿದರೆ ಚುಕ್ಕಿಯಷ್ಟು ಬೆಳಕು. ಹೊಸಬರು ಎಲ್‌ಇಡಿ ಕೆಟ್ಟಿದೆ ಎಂದು ಬದಲಿಸುತ್ತಾ ಕೂರುವುದು ಇಲ್ಲಿಯೇ. ಆ ಸಾಲು ಹಾಳೆಯಲ್ಲಿ ಇರಲಿ.

— — —

> ಪಿನ್ ಹೈ ಆದಾಗ, ಲೋ ಆದಾಗ

ಉಚ್ಚ, ನೀಚ ಎಂಬ ಶಬ್ದಗಳಿಗೆ ಏನು ಕೊರತೆಯಾಗಿತ್ತೋ.

— — —

ಅಯ್ಯೋ, ಬೇಡ ಸಾರ್.

— — —

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಕೊಟ್ಟದ್ದು ಹೀಗಿದೆ:

‘ಪಿನ್ ಹೈ ಆದಾಗ ಉರಿಯುವ ಜೋಡಣೆಯಲ್ಲಿ ಕರೆಂಟನ್ನು ಪಿನ್ನೇ ಕೊಡಬೇಕು. ಲೋ ಆದಾಗ ಉರಿಯುವ ಜೋಡಣೆಯಲ್ಲಿ ಎಲ್‌ಇಡಿ ದಾಟಿ ಬಂದ ಕರೆಂಟನ್ನು ಪಿನ್ ಒಳಕ್ಕೆ ಬಿಟ್ಟುಕೊಳ್ಳಬೇಕು. ನಿಮ್ಮ ಚಿಪ್ಪಿನ ಪಿನ್ ಎಷ್ಟು ಕೊಡಬಲ್ಲದು, ಎಷ್ಟು ಬಿಟ್ಟುಕೊಳ್ಳಬಲ್ಲದು ಎಂದು ಡೇಟಾಶೀಟಿನಲ್ಲಿ ನೋಡಿ. ಎರಡೂ ಒಂದೇ ಇರಬೇಕೆಂದಿಲ್ಲ.’

ಔಟ್‌ಪುಟ್ ಮರೆವಿನ ಸಾಲನ್ನೂ ಸೇರಿಸಿದ್ದೇನೆ.

— — —

‘ಬಿಟ್ಟುಕೊಳ್ಳು’. ಕೊಳ್ ಬಂತಲ್ಲ. ಅಷ್ಟು ಸಾಕು ನನಗೆ.

— — —

ರೆಸಿಸ್ಟರ್ ಹಾಗೇ ಉಳಿದಿದೆ. ‘ರೋಧಕ’ ಪಠ್ಯಪುಸ್ತಕದಲ್ಲೇ ಇದೆಯಲ್ಲ?

— — —

ರೋಧಕವೂ ಎರವಲೇ. ‘ತಡೆ’ ಎನ್ನಲು ಯಾರ ಅಪ್ಪಣೆ ಬೇಕು?

— — —

ಅದಕ್ಕೆ ಬೇರೆ ವಿಷಯದ ಸಾಲಿನಲ್ಲಿ ಬರೆಯಿರಿ, ಇಬ್ಬರೂ.