ಅಪ್‌ಡೇಟ್: 2 ಸೆಕೆಂಡ್ ಟೈಮ್‌ಔಟ್ ಕಾಟ ಮುಗಿಯಿತು

ಪೈಥಾನ್‌ನ ಎಐಒ-ಎಚ್‌ಟಿಟಿಪಿಯಲ್ಲಿ (aiohttp, ವೆಬ್ ರಿಕ್ವೆಸ್ಟ್ ಕಳಿಸುವ ಲೈಬ್ರರಿ) 2 ಸೆಕೆಂಡ್ ಮಿತಿ ಇಟ್ಟು ಒಟ್ಟಿಗೆ ಸಾವಿರಾರು ರಿಕ್ವೆಸ್ಟ್ ಬಿಟ್ಟರೆ, ಸರ್ವರ್ ಚುರುಕಾಗಿದ್ದರೂ ತುಂಬಾ ಟೈಮ್‌ಔಟ್ (ಸಮಯ ಮೀರಿ ರಿಕ್ವೆಸ್ಟ್ ರದ್ದಾಗುವುದು) ಬರುತ್ತವೆ, ಯಾಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು. ಸೆಷನ್ (ರಿಕ್ವೆಸ್ಟ್‌ಗಳನ್ನು ಕಳಿಸುವ ಆಬ್ಜೆಕ್ಟ್) ಒಂದು ಸಲಕ್ಕೆ ತೆರೆಯುವುದು 100 ಕನೆಕ್ಷನ್ ಮಾತ್ರ, ಡೀಫಾಲ್ಟ್ ಮಿತಿ ಅದು. ಉಳಿದವು ಸರದಿಯಲ್ಲಿ ನಿಲ್ಲುತ್ತವೆ. ಆ ಕಾಯುವ ಹೊತ್ತೂ 'ಟೋಟಲ್' ಟೈಮ್‌ಔಟ್ (ಇಡೀ ರಿಕ್ವೆಸ್ಟಿಗೆ ಇಟ್ಟ ಮಿತಿ) ಲೆಕ್ಕಕ್ಕೇ ಬೀಳುತ್ತದೆ! ಪಾಪ, ಎಷ್ಟೋ ರಿಕ್ವೆಸ್ಟ್ ಸರ್ವರ್ ಮುಖವನ್ನೇ ನೋಡಿರಲಿಲ್ಲ.

ಟೋಟಲ್ ಬಿಟ್ಟು 'ಸಾಕ್-ರೀಡ್' (sock_read) ಟೈಮ್‌ಔಟ್ ಮಾತ್ರ ಇಡಿ ಅಂದಿದ್ದರು ಕೆಲವರು. ಅದು ಡೇಟಾದ ಎರಡು ತುಣುಕುಗಳ ನಡುವಿನ ಅಂತರವನ್ನಷ್ಟೇ ನೋಡುತ್ತದೆ. ಸರ್ವರ್ ಹನಿಹನಿಯಾಗಿ ಕೊಡುತ್ತಿದ್ದರೆ ಎಷ್ಟು ಹೊತ್ತಾದರೂ ಸುಮ್ನೆ ಕಾಯುತ್ತದೆ. ನನಗೆ ಅದು ಬೇಡ.

ಹಾಗಾಗಿ 100ರ ಸೆಮಾಫೋರ್ (ಒಂದು ಸಲಕ್ಕೆ ಇಷ್ಟೇ ಕೆಲಸ ಒಳಗೆ ಬಿಡುವ ಗೇಟ್) ಹಾಕಿ, ರಿಕ್ವೆಸ್ಟನ್ನು ಅದರ ಒಳಗೆ ಇಟ್ಟೆ. ಟೋಟಲ್ 2 ಸೆಕೆಂಡೇ ಇದೆ, ಆದರೆ ಗಡಿಯಾರ ಸರದಿ ಬಂದ ಮೇಲೇ ಶುರು. ಈಗ ಬರುವ ಟೈಮ್‌ಔಟ್ ಸರದಿಯದಲ್ಲ, ನಿಜವಾಗಿ ಸರ್ವರ್ ಅಥವಾ ನೆಟ್‌ವರ್ಕ್‌ನದು.