ಪದ ಬೇಕಿತ್ತು: ಲೈಪೋಸಕ್ಷನ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಆಸ್ಪತ್ರೆಗೆ ರೋಗಿಗಳ ಕೈಪಿಡಿ ಕನ್ನಡ ಮಾಡಿಕೊಡುತ್ತಿದ್ದೇನೆ. ಮೂಲ ಅಮೆರಿಕದ್ದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ: ಲೈಪೋಸಕ್ಷನ್, ಟ್ಯೂಮೆಸೆಂಟ್ ಟೆಕ್ನಿಕ್, ಬೋರ್ಡ್ ಸರ್ಟಿಫೈಡ್ ಸರ್ಜನ್. ಮೊದಲನೆಯದಕ್ಕೆ ‘ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆ’ ಅಂತ ಹಾಕಿದ್ದೇನೆ. ಸರಿ ಅಲ್ವಾ?
— ಸು., ಮೈಸೂರು

ನೆಣಹೀರಿಕೆ. ನೆಣ ನಮ್ಮದು, ಹೀರು ನಮ್ಮದು. ಇದಕ್ಕೆ ಚರ್ಚೆಯೇ ಬೇಕಿಲ್ಲ.
— ಕೆ.

ಮಾಂಸದಂಗಡಿಯ ಪದವನ್ನು ಆಸ್ಪತ್ರೆಗೆ ತರಬೇಡಿ. ಮೇದೋಹರಣ ಅನ್ನಿ, ಮೇದಸ್ಸು ಅಂದರೆ ಕೊಬ್ಬು. ‘ಕೊಬ್ಬುನಿಷ್ಕಾಸನ’ ಅಂತ ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ, ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಜೋಡುಪದ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದಿದ್ದಾನೆ.
— ರಾ. ಭ.

ಬಿರುದಾವಳಿಗೆ ಅದೇ ಕೇಶಿರಾಜ ವಿನಾಯಿತಿ ಕೊಟ್ಟಿದ್ದಾನೆ, ರಾಯರೇ. ಇನ್ನು ಮೂಲ ಪದವನ್ನೇ ನೋಡಿ. ‘ಲೈಪೋ’ ಗ್ರೀಕಿನ ಕೊಬ್ಬು, ‘ಸಕ್ಷನ್’ ಲ್ಯಾಟಿನ್ನಿನ ಹೀರುವಿಕೆ. ಅವರ ಪದವೇ ಅರಿಸಮಾಸ! ಅದರಿಂದ ಅವರ ಭಾಷೆಗೆ ಏನೂ ಆಗಲಿಲ್ಲ. ಆಪರೇಷನ್, ಇಂಜೆಕ್ಷನ್, ಬಿಪಿ, ಶುಗರ್ ನಮ್ಮ ಅಜ್ಜಿಯ ಬಾಯಲ್ಲೂ ಇವೆ. ಲೈಪೋಸಕ್ಷನ್ ಅಂತಲೇ ಬರೆಯಿರಿ.
— ಗು., ಹುಬ್ಬಳ್ಳಿ

ಹೀಗೇ ಎಲ್ಲವನ್ನೂ ಎರವಲು ತಂದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.
— ಕೆ.

ಸು. ಅವರೇ, ಈ ಜಗಳ ಪಕ್ಕಕ್ಕಿಡಿ. ನಾನು ಹದಿನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ನಿಮ್ಮ ‘ಕರಗಿಸುವ’ ಮಾತ್ರ ದಯವಿಟ್ಟು ತೆಗೆದುಬಿಡಿ. ಕರಗುವುದು ಅಂದರೆ ಬಿಸಿ ಅನ್ನದ ಮೇಲೆ ತುಪ್ಪ ಕರಗಿದ ಹಾಗೆ, ನೋವಿಲ್ಲ, ಗಾಯವಿಲ್ಲ. ಇಲ್ಲಿ ಚರ್ಮದಲ್ಲಿ ಸಣ್ಣ ತೂತು ಮಾಡುತ್ತಾರೆ. ಕೊಳವೆ ತೂರಿಸಿ ಹಿಂದೆ ಮುಂದೆ ಆಡಿಸಿ ಕೊಬ್ಬು ಬಿಡಿಸಿ ಎಳೆಯುತ್ತಾರೆ. ಜೊತೆಗೆ ರಕ್ತವೂ ಬರುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ಕೈಪಿಡಿ ಓದುವ ಹುಡುಗಿಗೆ ಇದು ಆಪರೇಷನ್ ಅಂತ ಮೊದಲ ಸಾಲಲ್ಲೇ ಗೊತ್ತಾಗಬೇಕು.

ಲೇಸರ್, ಅಲ್ಟ್ರಾಸೌಂಡ್ ವಿಧಾನಗಳಲ್ಲಿ ಕೊಬ್ಬನ್ನು ಮೊದಲು ಸಡಿಲ ಮಾಡುತ್ತಾರೆ, ನಿಜ. ‘ಕರಗು’ ಬಂದದ್ದು ಅಲ್ಲಿಂದಲೇ ಇರಬಹುದು. ಆದರೆ ಆಮೇಲೆ ಹೀರಿ ತೆಗೆಯಲೇಬೇಕು. ಶಾಖಕ್ಕೆ ಚರ್ಮ ಸುಡುವ ಅಪಾಯ ಬೇರೆ. ಹೊಸ ಯಂತ್ರ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಹಿಡಿದ ಕೈ ಯಾರದು ಅನ್ನುವುದೇ ಮುಖ್ಯ.

‘ಬೊಜ್ಜು’ ಕೂಡ ಬೇಡ. ಇದು ತೂಕ ಇಳಿಸುವ ಚಿಕಿತ್ಸೆ ಅಲ್ಲ. ಊಟ, ವ್ಯಾಯಾಮಕ್ಕೂ ಜಗ್ಗದೆ ಒಂದೆರಡು ಕಡೆ ನಿಂತ ಕೊಬ್ಬಿಗೆ ಮಾತ್ರ. ‘ಕೊಬ್ಬು ಇಳಿಸುವ’ ಅಂದರೆ ಸೊಕ್ಕು ಮುರಿಯುವುದು ಅಂತಾಗುತ್ತದೆ. ‘ಮೇದೋಹರಣ’ ಅಂದರೆ ಆಯುರ್ವೇದದ ಗುಗ್ಗುಲು ಮಾತ್ರೆ ನೆನಪಾಗುತ್ತದೆ.

ಟ್ಯೂಮೆಸೆಂಟ್‌ಗೆ ‘ಉಬ್ಬಿಸಿ ಹೀರುವ ವಿಧಾನ’ ಅನ್ನಿ. ಲ್ಯಾಟಿನ್ನಿನಲ್ಲೂ ಅದಕ್ಕೆ ಊದಿಕೊಳ್ಳುವುದು ಅಂತಲೇ ಅರ್ಥ. ಸಲೈನಿಗೆ ಲಿಡೊಕೇನ್, ಅಡ್ರಿನಲಿನ್ ಬೆರೆಸಿ, ಆ ಜಾಗ ಬಿಗಿಯಾಗಿ ಉಬ್ಬುವವರೆಗೆ ತುಂಬಿಸುತ್ತಾರೆ. ಲಿಡೊಕೇನ್ ಮರಗಟ್ಟಿಸುತ್ತದೆ. ಅಡ್ರಿನಲಿನ್ ರಕ್ತನಾಳ ಕುಗ್ಗಿಸುತ್ತದೆ, ಹಾಗಾಗಿ ರಕ್ತ ಹೋಗುವುದು ತುಂಬಾ ಕಡಿಮೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಇದನ್ನು ತಂದರು. ಅದಕ್ಕೆ ಮೊದಲು ರಕ್ತ ಕೊಡಬೇಕಾಗುತ್ತಿದ್ದದ್ದೂ ಉಂಟು.

ಮೂರನೆಯದನ್ನು ಅನುವಾದ ಮಾಡಲೇಬೇಡಿ. ಬೋರ್ಡ್ ಅನ್ನುವುದು ಪರೀಕ್ಷೆ ಮಾಡಿ ತಜ್ಞವೈದ್ಯರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಏರ್ಪಾಡು. ‘ಮಂಡಳಿ ಪ್ರಮಾಣಿತ’ ಅಂತ ಬರೆದರೆ ಮೈಸೂರಿನ ಓದುಗರು ಯಾವ ಮಂಡಳಿ ಅಂತ ಹುಡುಕಬೇಕು? ‘ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇರುವ ಸರ್ಜನ್’ ಅನ್ನಿ. ಉದ್ದವಾದರೂ ಇರಲಿ. ‘ಕಾಸ್ಮೆಟಿಕ್’ ಅಂತ ನಾಮಫಲಕದಲ್ಲಿ ಇದ್ದರೆ ಸಾಲದು, ಡಿಗ್ರಿ ಕೇಳಬೇಕು. ಅರಿವಳಿಕೆ ವೈದ್ಯರು ಇರುತ್ತಾರಾ, ಐಸಿಯು ಇದೆಯಾ ಅಂತಲೂ ಕೇಳಬೇಕು. ಜಾಗ ಇದ್ದರೆ ಅದನ್ನೂ ಸೇರಿಸಿ.
— ಲ., ಶಿವಮೊಗ್ಗ

ಲ. ಅವರ ಮಾತು ಒಪ್ಪಿದೆ, ಆದರೂ ಮೇದಸ್ಸೇ ಸರಿಯಾದ ಪದ. ಮಾತ್ರೆ ಮಾರುವವರು ಕೆಡಿಸಿದರು ಅಂತ ಒಳ್ಳೆಯ ಪದ ಬಿಡಬೇಕೇ?
— ರಾ. ಭ.

ನೆಣ.
— ಕೆ.

ಲ. ಮೇಡಂ, ತುಂಬಾ ಉಪಕಾರವಾಯಿತು. ‘ಕರಗಿಸುವ’ ಅಂತ ಆರು ಕಡೆ ಇತ್ತು, ಎಲ್ಲ ತೆಗೆದೆ. ಶೀರ್ಷಿಕೆಯಲ್ಲಿ ‘ಲೈಪೋಸಕ್ಷನ್: ಕೊಬ್ಬು ಹೀರಿ ತೆಗೆಯುವ ಆಪರೇಷನ್’ ಅಂತ ಹಾಕಿದೆ. ಒಳಗೆಲ್ಲ ಶಸ್ತ್ರಚಿಕಿತ್ಸೆ. ಸರ್ಜನ್ನರ ಸಾಲು ನೀವು ಹೇಳಿದಂತೆಯೇ ಇದೆ. ಇನ್ನು ಕ್ಯಾನ್ಯುಲಾ, ಅಂದರೆ ನೀವು ಹೇಳಿದ ಆ ತೂರಿಸುವ ಕೊಳವೆ, ಒಂದೇ ಉಳಿದಿದೆ. ‘ಕೊಳವೆ’ ಅಂದರೆ ಬೋರ್‌ವೆಲ್ಲಿನಷ್ಟು ದೊಡ್ಡದು ಅನಿಸಿ ಹೆದರುತ್ತಾರಾ? ‘ನಳಿಕೆ’ ಸಾಕಾ? ನಾಳೆ ನಾಲ್ಕು ಗಂಟೆಯೊಳಗೆ ತಿಳಿಸಿ.
— ಸು.